ಪಿಕಪ್‌ಗೆ 3.73 ಸಾಕಾ, 4.3 ಬೇಕಾ? ಆಕ್ಸಲ್ ರೇಷಿಯೋ ಗೊತ್ತಿರುವವರು ಹೇಳಿ

ಭೋಸರಿ ಬಸವಂತ (ಪುಣೆ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಪಿಕಪ್ ತಗೋಬೇಕು ಅಂತ ಇದ್ದೇನೆ. ಎರಡು ಗಾಡಿ ನೋಡಿ ಇಟ್ಟಿದ್ದೇನೆ. ಒಂದೇ ಕಂಪನಿ, ಒಂದೇ ಎಂಜಿನ್. 2.5 ಲೀಟರ್ ಟರ್ಬೊ ಡೀಸೆಲ್, 75 ಎಚ್‌ಪಿ, 200 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಐದು ಗೇರು. ಫರಕು ಇರುವುದು ಹಿಂದಿನ ಆಕ್ಸಲ್‌ನಲ್ಲಿ. ಒಂದರ ರೇಷಿಯೋ 3.73, ಇನ್ನೊಂದರದು 4.3. ಮೊದಲನೆಯದು ಹೊಸ ಮಾಡೆಲ್, ಥಳಥಳ ಅನ್ನುತ್ತಿದೆ, ದಪ್ಪ ಟೈರು ಬೇರೆ ಹಾಕಿಸಿದ್ದಾರೆ. ಎರಡನೆಯದು ದುಡಿದು ಸುಸ್ತಾದ ಗಾಡಿ, ರೇಟು ಕಡಿಮೆ.

ಕೆಲಸ ಹೇಳಿಬಿಡುತ್ತೇನೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಷೀನಿಂಗ್ ಆದ ಕಾಸ್ಟಿಂಗ್ (ಎರಕದ ಭಾಗ) ತುಂಬಿಕೊಂಡು ನವಿ ಮುಂಬೈನ ತಳೋಜಾ, ರಬಾಳೆ ಕಡೆ ಹೋಗುವುದು. ಒಂದು ಟನ್ ಆಸುಪಾಸು. ಆಗಾಗ ಬೆಳಗಾವಿ ಫೌಂಡ್ರಿಗೆ ಹೋಗಿ ಕಚ್ಚಾ ಮಾಲು ತರುವುದು. ಏಜೆಂಟ್ 3.73 ತಗೊಳ್ಳಿ, ಆವರೇಜ್ (ಲೀಟರಿಗೆ ಓಡುವ ಕಿಲೋಮೀಟರ್) ಜಾಸ್ತಿ ಅನ್ನುತ್ತಾನೆ. ನಮ್ಮ ಡ್ರೈವರ್ 4.3 ತಗೊಳ್ಳಿ, ಘಾಟಿನಲ್ಲಿ ಚೆನ್ನಾಗಿ ಎಳೆಯುತ್ತದೆ ಅನ್ನುತ್ತಾನೆ. ಯಾಕೆ ಅಂತ ಕೇಳಿದರೆ ಇಬ್ಬರಿಗೂ ಮುಂದೆ ಮಾತಿಲ್ಲ. ಸ್ವಲ್ಪ ಬಿಡಿಸಿ ಹೇಳಿ.

ವಾಶಿ ಶೆಟ್ಟಿ (ನವಿ ಮುಂಬೈ)

ಮಾರಾಯ್ರೆ, ಇದರಲ್ಲಿ ತಲೆ ಕೆಡಿಸಿಕೊಳ್ಳಲಿಕ್ಕೆ ಏನಿದೆ? ಪುಣೆಯಿಂದ ತಳೋಜಾಕ್ಕೆ ಬರುವುದೆಂದರೆ ಖಂಡಾಲಾ ಇಳಿಯುವುದು. ನಿಮ್ಮ ಲೋಡು ಘಾಟ್ ಹತ್ತುವುದೇ ಇಲ್ಲ. ಹತ್ತುವಾಗ ಗಾಡಿ ಖಾಲಿ. 3.73 ತಗೊಂಡು ಆರಾಮಾಗಿ ಓಡಿಸಿ. ನಾನು ಎಪಿಎಂಸಿಯಿಂದ ಮಾಟುಂಗಾ, ಅಂಧೇರಿ ಹೋಟೆಲುಗಳಿಗೆ ತರಕಾರಿ ಹಾಕುವವನು. ನನ್ನ ಗಾಡಿಯ ರೇಷಿಯೋ ಎಷ್ಟು ಅಂತ ನಾನು ನೋಡಲೂ ಹೋಗಿಲ್ಲ. ಮುಂಬೈ ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಿಂದ ಮೇಲೆ ಹೋದರೆ ತಾನೇ ರೇಷಿಯೋ ಮಾತು.

ಥಾಣೆ ಫೋರ್‌ಬೈಫೋರ್

4.88 ಹಾಕಿಸಿ ಬಾಸ್. ಅಮೆರಿಕದ ಪಿಕಪ್ ವಿಡಿಯೋಗಳನ್ನು ನೋಡಿ, ಎಲ್ಲರೂ 4.56 ಇಲ್ಲಾ 4.88ಕ್ಕೆ ಬದಲಿಸುತ್ತಾರೆ. ನಂಬರ್ ದೊಡ್ಡದಾದಷ್ಟೂ ಪವರ್.

ಚಾಕಣ್ ಚಂದ್ರಿಕಾ (ಪುಣೆ)

ಬಸವಂತ ಅವರೇ, ಉತ್ತರ ಹೇಳುವ ಮೊದಲು ನಾನೇ ಕೇಳುತ್ತೇನೆ. ವಾಪಸ್ ಬರುವಾಗ ನಿಜವಾಗಿ ಖಾಲಿ ಬರುತ್ತೀರಾ? ಎರಡೂ ಗಾಡಿಗಳ ಆರ್‌ಸಿಯಲ್ಲಿ ಖಾಲಿ ತೂಕ ಎಷ್ಟು, ಒಟ್ಟು ತೂಕ ಎಷ್ಟು ಬರೆದಿದೆ? ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸೈಜ್ ಏನು? ಇಷ್ಟು ಗೊತ್ತಿಲ್ಲದೆ 3.73 ಅಥವಾ 4.3 ಅನ್ನುವುದು ಸುಮ್ನೆ ಬಾಯಿಮಾತು.

ಭೋಸರಿ ಬಸವಂತ

ಮೇಡಂ, ವಾಪಸ್ ಬರುವಾಗ ಕಳಂಬೋಲಿ ಸ್ಟೀಲ್ ಮಾರ್ಕೆಟ್‌ನಿಂದ ರಾಡು ತುಂಬುತ್ತೇವೆ. ಪ್ರತಿ ಸಲ ಅಲ್ಲ, ಆದರೆ ಹೆಚ್ಚಿನ ಸಲ. ಒಂದೂಕಾಲು ಟನ್, ಒಮ್ಮೊಮ್ಮೆ ಒಂದೂವರೆ. ಬಾಡಿಗೆ ಉಳಿಯುವುದೇ ಅದರಲ್ಲಿ.

ಆರ್‌ಸಿ ತರಿಸಿಕೊಂಡು ನೋಡಿದೆ. 3.73 ಗಾಡಿ ಖಾಲಿ 1,700 ಕೆಜಿ, ಒಟ್ಟು 2,950. 4.3 ಗಾಡಿ ಖಾಲಿ 1,750, ಒಟ್ಟು 3,300. ಟೈರು 4.3ಕ್ಕೆ 215/75 ಆರ್15. 3.73 ಗಾಡಿಗೆ ಕಂಪನಿಯಿಂದ ಬಂದಿದ್ದೂ ಅದೇ ಸೈಜು, ಈಗ ಇರುವುದು 235/75 ಆರ್15.

ವಾಶಿ ಶೆಟ್ಟಿ

ಕಳಂಬೋಲಿಯಿಂದ ರಾಡು ತುಂಬಿ ಘಾಟ್ ಹತ್ತುತ್ತೀರಾ? ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ್ರೆ!

ಚಾಕಣ್ ಚಂದ್ರಿಕಾ

ಹಾಗಾದರೆ ಲೆಕ್ಕಕ್ಕೆ ಕೂರೋಣ. ಉದ್ದ ಆಗುತ್ತದೆ, ಚಹಾ ತಗೊಂಡು ಕೂತು ಓದಿ.

ಮೊದಲು ರೇಷಿಯೋ ಅಂದರೆ ಏನು ಅಂತ ನೋಡೋಣ. ಆಕ್ಸಲ್ ಒಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್. ಕ್ರೌನ್‌ನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 10 ಹಲ್ಲು ಇದ್ದರೆ 4.3. ಕ್ರೌನ್ 41, ಪಿನಿಯನ್ 11 ಆದರೆ 3.73. ಚಕ್ರ ಒಂದು ಸುತ್ತು ಸುತ್ತಲು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬರುವ ಉದ್ದ ದಂಡ) ಅಷ್ಟು ಸುತ್ತು ಸುತ್ತಬೇಕು. ಚಕ್ರದ ಒಂದು ಸುತ್ತಿಗೆ ಎಂಜಿನ್ ಜಾಸ್ತಿ ಸುತ್ತಿದಷ್ಟೂ ಚಕ್ರಕ್ಕೆ ಬಲ ಜಾಸ್ತಿ ಸಿಗುತ್ತದೆ, ವೇಗ ಕಡಿಮೆಯಾಗುತ್ತದೆ. 3.73ರಿಂದ 4.3ಕ್ಕೆ ಹೋದರೆ ಎಲ್ಲ ಗೇರಿನಲ್ಲೂ ಚಕ್ರದ ಬಲ 15 ಪರ್ಸೆಂಟ್ ಏರುತ್ತದೆ. ಅದೇ ವೇಗಕ್ಕೆ ಎಂಜಿನ್ ಸುತ್ತುವುದೂ 15 ಪರ್ಸೆಂಟ್ ಏರುತ್ತದೆ. (ಸುಮ್ನೆ ಒಂದು ವಿಷಯ: 43ಕ್ಕೂ 10ಕ್ಕೂ ಸಾಮಾನ್ಯ ಭಾಗಕ ಇಲ್ಲ, 41ಕ್ಕೂ 11ಕ್ಕೂ ಇಲ್ಲ. ಬೇಕಂತಲೇ ಹಾಗೆ ಆರಿಸುತ್ತಾರೆ. ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಲ್ಲಿ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಕೆಲಸದ ಮೇಜಿನ ಮೇಲೆ ದಿನಾ ನೋಡಿದರೂ ನನಗೆ ಇದು ಇಷ್ಟ.)

ಈಗ ಘಾಟ್. ಗಾಡಿ, ಮಾಲು ಸೇರಿ 3 ಟನ್. 12 ಅಡಿ ಮುಂದೆ ಹೋದರೆ 1 ಅಡಿ ಏರುವ ರಸ್ತೆ ಅಂತ ಇಟ್ಟುಕೊಳ್ಳೋಣ. ಹಿಂದಕ್ಕೆ ಜಗ್ಗುವ ತೂಕ 250 ಕೆಜಿ. ಟೈರು ಉರುಳಲು ಬೇಕಾಗುವುದನ್ನೂ ಸೇರಿಸಿದರೆ 285 ಕೆಜಿಯಷ್ಟು. ಚಕ್ರದ ಅರ್ಧ ಎತ್ತರ 35 ಸೆಂಟಿಮೀಟರ್ ಇದ್ದರೆ, ಚಕ್ರದಲ್ಲಿ ಸುಮಾರು 980 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಇಷ್ಟಿದ್ದರೆ ಗಾಡಿ ವೇಗ ಬಿಡದೆ ಹತ್ತುತ್ತದೆ, ಅಷ್ಟೇ.

ಎಂಜಿನ್ 200 ಕೊಡುತ್ತದೆ. ಮೂರನೇ ಗೇರಿನ ರೇಷಿಯೋ 1.5 ಅಂತ ಹಿಡಿಯಿರಿ. ದಾರಿಯಲ್ಲಿ ಗೇರುಗಳಲ್ಲಿ ಹತ್ತು ಪರ್ಸೆಂಟ್ ಕಳೆಯಿರಿ. 4.3ರಲ್ಲಿ ಚಕ್ರಕ್ಕೆ ಸಿಗುವುದು 1,160. 3.73ರಲ್ಲಿ 1,007.

ಬೇಕಾದದ್ದು 980. 3.73 ಕೂಡ ಕಾಗದದ ಮೇಲೆ ಪಾಸು. ಆದರೆ ಉಳಿದದ್ದು ಎಷ್ಟು? ಎರಡೂವರೆ ಪರ್ಸೆಂಟ್. ಮುಂದಿನ ಟ್ರಕ್ ಸ್ವಲ್ಪ ಬ್ರೇಕ್ ಹಿಡಿದರೆ, ತಿರುವಿನಲ್ಲಿ ಕಾಲು ಎತ್ತಿದರೆ, ಏಸಿ ಹಾಕಿದರೆ ಅದು ಹೋಯಿತು. ಎರಡನೇ ಗೇರಿಗೆ ಇಳಿಯಲೇಬೇಕು. ಆಮೇಲೆ ಖಂಡಾಲಾ ಮುಗಿಯುವವರೆಗೆ 25-30ರಲ್ಲಿ ಗೊರಗೊರ ಅನ್ನುತ್ತಾ ಹೋಗುವುದೇ. 4.3 ಇದ್ದರೆ ಮೂರನೇ ಗೇರಿನಲ್ಲೇ 18 ಪರ್ಸೆಂಟ್ ಬಲ ಹೆಚ್ಚಿಗೆ ಉಳಿದಿರುತ್ತದೆ, ತಿರುವು ಕಳೆದು ಮತ್ತೆ ಎತ್ತಿಕೊಳ್ಳುತ್ತದೆ. ನಿಮ್ಮ ಡ್ರೈವರ್ ಹೇಳಿದ್ದರ ಹಿಂದಿನ ಲೆಕ್ಕ ಇದು.

ಥಾಣೆಯವರು ಹೇಳಿದ ಪವರ್ ಮಾತಿಗೂ ಉತ್ತರ ಇಲ್ಲೇ ಇದೆ. ರೇಷಿಯೋ ಪವರ್ ಹುಟ್ಟಿಸುವುದಿಲ್ಲ. ಇದೇ ಏರಿನಲ್ಲಿ, ಇದೇ 3 ಟನ್ ತೂಕಕ್ಕೆ, 75 ಎಚ್‌ಪಿ ಪೂರ್ತಿ ಹಿಂಡಿದರೂ ಗಾಳಿಯ ತಡೆ ಎಲ್ಲ ಸೇರಿ 55 ಕಿಮೀ ವೇಗದ ಆಸುಪಾಸಿನಲ್ಲಿ ಗಾಡಿ ನಿಲ್ಲುತ್ತದೆ. 3.73 ಇರಲಿ, 4.88 ಇರಲಿ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಇರುವ ಪವರ್ ಅನ್ನು ಯಾವ ವೇಗದಲ್ಲಿ, ಯಾವ ಗೇರಿನಲ್ಲಿ ಸಲೀಸಾಗಿ ಬಳಸಬಹುದು ಅನ್ನುವುದನ್ನಷ್ಟೇ ರೇಷಿಯೋ ತೀರ್ಮಾನಿಸುತ್ತದೆ.

ಸಪಾಟು ರಸ್ತೆಯದು ರಾತ್ರಿ ಬರೆಯುತ್ತೇನೆ, ಈಗ ಡ್ಯೂಟಿ ಇದೆ.

ಥಾಣೆ ಫೋರ್‌ಬೈಫೋರ್

ಅಕ್ಕಾ, ಹಾಗಾದರೆ ಅಮೆರಿಕದವರು ಯಾಕೆ ಹಾಕಿಸುತ್ತಾರೆ? ಅವರಿಗೆ ತಿಳಿಯುವುದಿಲ್ವಾ?

ನಾನಾಪೇಟ್ ಮಿಸ್ತ್ರಿ (ಪುಣೆ)

ತಮ್ಮಾ, ಅವರು 35 ಇಂಚಿನ ಟೈರು ಹಾಕಿಸುತ್ತಾರೆ. ಟೈರು ದೊಡ್ಡದಾದರೆ ರೇಷಿಯೋ ತಾನಾಗಿ ಕಡಿಮೆ ಆದ ಹಾಗೆ. ಕಳಕೊಂಡಿದ್ದನ್ನು ವಾಪಸ್ ತರಲಿಕ್ಕೆ 4.56, 4.88 ಬೇಕಾಗುತ್ತದೆ. ಟೈರು ಕಂಪನಿಯದೇ ಇದ್ದರೆ ಅದರ ಗೊಡವೆ ಯಾಕೆ? ಇನ್ನೊಂದು, ಕ್ರೌನ್ ಅದೇ ಅಳತೆ ಇಟ್ಟು ರೇಷಿಯೋ ಏರಿಸಿದರೆ ಪಿನಿಯನ್ ಸಣ್ಣದಾಗುತ್ತದೆ. ಓವರ್‌ಲೋಡ್ ಗಾಡಿಗೆ ಸಣ್ಣ ಪಿನಿಯನ್ ಹಾಕಿದರೆ ಹಲ್ಲು ಉದುರಿಸಿಕೊಂಡು ಗ್ಯಾರೇಜಿಗೆ ಬರುತ್ತದೆ. ಬಂದರೆ ನಮಗೆ ಕೆಲಸ, ನಾನು ಬೇಡ ಅನ್ನುವುದಿಲ್ಲ.

ನಿನ್ನ ಗಾಡಿ ಫೋರ್‌ಬೈಫೋರ್ ಅಂತ ಹೆಸರೇ ಹೇಳುತ್ತದೆ. ಹಿಂದೆ ಬದಲಿಸಿದರೆ ಮುಂದಿನ ಆಕ್ಸಲ್ಲೂ ಅದೇ ರೇಷಿಯೋಗೆ ಬದಲಿಸಬೇಕು. ಇಲ್ಲಾಂದರೆ ಗಟ್ಟಿ ರಸ್ತೆಯಲ್ಲಿ ನಾಲ್ಕೂ ಚಕ್ರ ಹಾಕಿದ ದಿನ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಮುಗಿದ ಹಾಗೆ. ಖರ್ಚು ಎರಡರಷ್ಟು.

ಚಾಕಣ್ ಚಂದ್ರಿಕಾ

ಮಿಸ್ತ್ರಿ ಕಾಕಾ ಸರಿಯಾಗಿ ಹೇಳಿದರು. ಜೊತೆಗೆ ಅಮೆರಿಕದ ಫೋರ್ಡ್ ಎಫ್-150ಯಂಥ ಗಾಡಿಗಳಲ್ಲಿ ಹತ್ತು ಗೇರಿನ ಆಟೋಮ್ಯಾಟಿಕ್ ಇರುತ್ತದೆ. ಅಲ್ಲಿ ಒಂದೇ ಎಂಜಿನ್‌ಗೆ 3.55 ತಗೊಂಡರೆ ಟ್ರೇಲರ್ ಎಳೆಯುವ ಮಿತಿ ಒಂದು, 3.73 ತಗೊಂಡರೆ ಇನ್ನೊಂದು ಇರಬಹುದು. ಕೊಳ್ಳುವಾಗಲೇ ಪಟ್ಟಿ ನೋಡಿ ಆರಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ರೇಷಿಯೋ ಬದಲಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ತೂಕ ಒಂದು ಕೆಜಿಯೂ ಏರುವುದಿಲ್ಲ.

ಬಸವಂತ ಅವರೇ, ನಿಮ್ಮ ಆರ್‌ಸಿ ಲೆಕ್ಕವನ್ನೇ ನೋಡಿ. 3.73 ಗಾಡಿಗೆ ಹೇರಬಹುದಾದದ್ದು 1,250 ಕೆಜಿ. ಒಂದೂವರೆ ಟನ್ ರಾಡು ಹೇರಿದ ದಿನ ಅದು ಓವರ್‌ಲೋಡ್. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 2019ರ ತಿದ್ದುಪಡಿ ಆದಮೇಲೆ ದಂಡ ಶುರುವಾಗುವುದೇ 20,000 ರೂಪಾಯಿಯಿಂದ. ಜಾಸ್ತಿ ಇರುವ ಪ್ರತಿ ಟನ್‌ಗೆ ಮತ್ತೆ 2,000. 4.3 ಗಾಡಿಗೆ 1,550 ತನಕ ಹೇರಬಹುದು. ಕಂಪನಿಯವರು ಜಾಸ್ತಿ ತೂಕದ ಮಾಡೆಲ್‌ಗೆ 4.3 ಕೊಟ್ಟದ್ದು ಸುಮ್ಮನೆ ಅಲ್ಲ.

ಮಾಪ್ಸಾ ಮಲ್ಲಪ್ಪ (ಗೋವಾ)

ನಮ್ಮದು ಉಲ್ಟಾ ಕಥೆ. ಬೆಳಗಾವಿಯಿಂದ ತರಕಾರಿ ತುಂಬಿಕೊಂಡು ಚೋರ್ಲಾ ಘಾಟ್ ಇಳಿಯುವುದು, ಖಾಲಿ ಕ್ರೇಟು ಹಾಕಿಕೊಂಡು ಹತ್ತುವುದು. ವಾಶಿ ಶೆಟ್ಟರು ಹೇಳಿದ ಹಾಗೆ ಹತ್ತಲಿಕ್ಕೆ ಬಲ ಬೇಡ. ಆದರೂ ನಾನು ದೊಡ್ಡ ನಂಬರೇ ಇಷ್ಟಪಡುತ್ತೇನೆ. ಕಾರಣ ಇಳಿಜಾರು. ಲೋಡಿನಲ್ಲಿ ಇಳಿಯುವಾಗ ಮೂರನೇ ಗೇರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸಬೇಕು. ರೇಷಿಯೋ ಸಣ್ಣದಿದ್ದರೆ ಎಂಜಿನ್ ಹಿಡಿತ ಕಡಿಮೆ, ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಬರಬೇಕಾಗುತ್ತದೆ. ಮಳೆಗಾಲದಲ್ಲಿ ಚೋರ್ಲಾದ ತಿರುವುಗಳನ್ನು ನೋಡಿದವರಿಗೆ ಗೊತ್ತು.

ಬಸವಂತ ಅಣ್ಣಾ, ನೀವು ತಳೋಜಾಕ್ಕೆ ಲೋಡಿನಲ್ಲೇ ಇಳಿಯುತ್ತೀರಿ. ಎಲ್ಲರೂ ಏರಿನ ಮಾತೇ ಆಡುತ್ತಿದ್ದಾರೆ, ಅದಕ್ಕೆ ಬರೆದೆ.

ನಾನಾಪೇಟ್ ಮಿಸ್ತ್ರಿ

ಮಲ್ಲಪ್ಪನ ಮಾತಿಗೆ ನೂರಕ್ಕೆ ನೂರು. ಡೀಸೆಲ್ ಉಳಿಸುತ್ತೇವೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು ಬಹಳ ಮಂದಿ ಇದ್ದಾರೆ. ನ್ಯೂಟ್ರಲ್ ಹಾಕಿದರೆ ಯಾವ ರೇಷಿಯೋ ಇದ್ದರೂ ಸೊನ್ನೆ. 2022ರ ನವೆಂಬರ್‌ನಲ್ಲಿ ನಮ್ಮ ನವಲೆ ಬ್ರಿಜ್ ಹತ್ತಿರ ಕಾತ್ರಜ್ ಇಳಿಜಾರಿನಿಂದ ಬಂದ ಒಂದು ಭಾರಿ ವಾಹನ ಹತ್ತಿರಹತ್ತಿರ ಐವತ್ತು ಗಾಡಿಗಳಿಗೆ ಗುದ್ದಿದ್ದು ಪುಣೆಯವರಿಗೆ ನೆನಪಿದೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಈಗಿನ ಡೀಸೆಲ್ ಎಂಜಿನ್ ಎಣ್ಣೆ ಕುಡಿಯುವುದೇ ಇಲ್ಲ, ಇಂಜೆಕ್ಷನ್ ಕಟ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲಿಕ್ಕೆ ಎಣ್ಣೆ ಬೇಕು. ಉಳಿತಾಯ ಎಲ್ಲಿ ಬಂತು?

ಡೊಂಬಿವಲಿ ಡೀಸೆಲ್

ನಾನು ಒಂದು ಅನುಭವದ ಮಾತು ಹೇಳುತ್ತೇನೆ. ನಮ್ಮ ಮಾವನವರ ಪಿಕಪ್ ಮೊದಲು 3.73 ಇತ್ತು. ಪಿನಿಯನ್ ಹೋಯಿತು ಅಂತ ಹಳೆ ಮಾರ್ಕೆಟ್‌ನಿಂದ 4.3 ಸೆಟ್ ತಂದು ಹಾಕಿಸಿದರು. ಮೊದಲು ಲೀಟರಿಗೆ 12 ಕೊಡುತ್ತಿದ್ದ ಗಾಡಿ ಈಗ ಹತ್ತಿರಹತ್ತಿರ 14 ಕೊಡುತ್ತಿದೆ! ಏಜೆಂಟರು ಹೇಳುವುದೆಲ್ಲ ಸುಳ್ಳು. ದೊಡ್ಡ ರೇಷಿಯೋಗೆ ಆವರೇಜೂ ಜಾಸ್ತಿ.

ಚಾಕಣ್ ಚಂದ್ರಿಕಾ

ಡೊಂಬಿವಲಿಯವರೇ, ಮೀಟರ್‌ಗೆ ವೇಗದ ಲೆಕ್ಕ ಎಲ್ಲಿಂದ ಬರುತ್ತದೆ ಅಂತ ನೋಡಿದಿರಾ? ಆ ಗಾಡಿಯಲ್ಲಿ ಸೆನ್ಸರ್ ಗೇರ್‌ಬಾಕ್ಸ್‌ನ ಹಿಂಬದಿಯಲ್ಲಿದ್ದರೆ, ಅದು ಎಣಿಸುವುದು ಚಕ್ರದ ಸುತ್ತನ್ನಲ್ಲ, ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನು. 4.3 ಹಾಕಿದ ಮೇಲೆ ಅದೇ ದೂರಕ್ಕೆ ಶಾಫ್ಟ್ 15 ಪರ್ಸೆಂಟ್ ಜಾಸ್ತಿ ಸುತ್ತುತ್ತದೆ. ಮೀಟರ್‌ಗೆ ಆಕ್ಸಲ್ ಬದಲಾದದ್ದು ಗೊತ್ತಿಲ್ಲ. 100 ಕಿಮೀ ಓಡಿದರೆ 115 ಅಂತ ಬರೆಯುತ್ತದೆ. 12ನ್ನು 1.15ರಿಂದ ಗುಣಿಸಿ ನೋಡಿ, 13.8 ಬರುತ್ತದೆ. ನಿಮ್ಮ 14 ಅದೇ. ಡೀಸೆಲ್ ಒಂದು ಹನಿಯೂ ಉಳಿದಿಲ್ಲ, ಕಿಲೋಮೀಟರ್ ಉಬ್ಬಿದೆ.

ಇದರ ಇನ್ನೊಂದು ತಲೆನೋವು ಸ್ಪೀಡ್ ಗವರ್ನರ್. 2015ರ ನಂತರದ ಸರಕು ಗಾಡಿಗಳಿಗೆ 80ಕ್ಕೆ ವೇಗ ಕಟ್ಟಿರುತ್ತಾರೆ. ಮೀಟರ್ 80 ತೋರಿಸುವಾಗ ನಿಮ್ಮ ಮಾವನವರ ಗಾಡಿ ನಿಜವಾಗಿ ಓಡುತ್ತಿರುವುದು 70ರ ಹತ್ತಿರ. ಸೆನ್ಸರ್ ಎಬಿಎಸ್ ಜೊತೆ ಚಕ್ರದಲ್ಲೇ ಇದ್ದರೆ ಈ ತೊಂದರೆ ಇಲ್ಲ.

ಡೊಂಬಿವಲಿ ಡೀಸೆಲ್

ಮಾವ ಇತ್ತೀಚೆಗೆ ಗಾಡಿ 70ರ ಮೇಲೆ ಹೋಗುತ್ತಿಲ್ಲ, ಹೈವೇಯಲ್ಲಿ ಎಲ್ಲರೂ ಹಿಂದೆ ಹಾಕುತ್ತಾರೆ ಅನ್ನುತ್ತಿದ್ದರು. ಭಾನುವಾರ ಮೊಬೈಲ್ ಜಿಪಿಎಸ್ ಇಟ್ಟು ನೋಡುತ್ತೇನೆ.

ವಾಶಿ ಶೆಟ್ಟಿ

ಹೋಯಿತು, ಎರಡು ಕಿಲೋಮೀಟರ್ ಆವರೇಜ್ ಗಾಳಿಗೆ ಹೋಯಿತು.

ಚಾಕಣ್ ಚಂದ್ರಿಕಾ

ಸಪಾಟು ರಸ್ತೆಯ ಲೆಕ್ಕ ಬಾಕಿ ಇತ್ತಲ್ವಾ.

215/75 ಆರ್15 ಟೈರು ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಐದನೇ ಗೇರು 0.8 ಅಂತ ಹಿಡಿಯೋಣ. 80ರಲ್ಲಿ ಓಡುವಾಗ 3.73ರಲ್ಲಿ ಎಂಜಿನ್ ನಿಮಿಷಕ್ಕೆ 1,800 ಸುತ್ತು, 4.3ರಲ್ಲಿ 2,075. ಏಜೆಂಟ್ ಹೇಳುವ ಆವರೇಜ್ ಇಲ್ಲಿಂದ ಬಂದದ್ದು. ಖಾಲಿ ಗಾಡಿ, ಸಪಾಟು ರಸ್ತೆ, ಒಂದೇ ವೇಗ ಇದ್ದರೆ ಅವನ ಮಾತು ನಿಜ. ಕಡಿಮೆ ಸುತ್ತು, ಕಡಿಮೆ ಡೀಸೆಲ್, ಕಡಿಮೆ ಸದ್ದು.

ಆದರೆ 60ರಲ್ಲಿ ಏನಾಗುತ್ತದೆ ನೋಡಿ. 3.73ರಲ್ಲಿ ಐದನೇ ಗೇರಿನಲ್ಲಿ 1,350. ನೀವು ಹೇಳಿದಂಥ ಎಂಜಿನ್‌ಗಳು ಪೂರ್ತಿ ಟಾರ್ಕ್ ಕೊಡುವುದು 1,400ರಿಂದ 2,200ರ ಒಳಗೆ. ಅಂದರೆ ಲೋಡಿನಲ್ಲಿ 60ಕ್ಕೆ ಇಳಿದ ಕೂಡಲೇ ಐದನೇ ಗೇರು ಸತ್ತ ಹಾಗೆ. ಸಣ್ಣ ಫ್ಲೈಓವರ್ ಬಂದರೂ ನಾಲ್ಕಕ್ಕೆ ಇಳಿಸಬೇಕು. ಇಳಿಸದೆ ಹಾಗೇ ತುಳಿಯುವ ಡ್ರೈವರ್ ಇದ್ದರೆ ಎಂಜಿನ್ ಕುಟ್ಟುತ್ತದೆ, ಹೊಗೆ ಬಿಡುತ್ತದೆ, ಕ್ಲಚ್ ಪ್ಲೇಟ್ ಬೇಗ ಹೋಗುತ್ತದೆ. 4.3ರಲ್ಲಿ 60ಕ್ಕೆ 1,550. ಪುಣೆ-ಬೆಳಗಾವಿ ಹೈವೇಯಲ್ಲಿ ಲೋಡು ಗಾಡಿ 60ರಿಂದ 80ರ ನಡುವೆಯೇ ತಾನೇ ಓಡುವುದು? ಆ ಪೂರ್ತಿ ವೇಗ ಐದನೇ ಗೇರಿನಲ್ಲೇ ಸಿಗುತ್ತದೆ. 80ರ ಮೇಲೆ ಗವರ್ನರ್ ಬಿಡುವುದೇ ಇಲ್ಲ ಅಂದಮೇಲೆ 100ರಲ್ಲಿ ಆರಾಮಾಗಿ ಓಡುವ ರೇಷಿಯೋ ತಗೊಂಡು ಏನು ಮಾಡುವುದು?

ಇನ್ನು ಆ ದಪ್ಪ ಟೈರು. 215/75ರ ಎತ್ತರ 703 ಮಿಲಿಮೀಟರ್, 235/75ರದು 733. ನಾಲ್ಕು ಪರ್ಸೆಂಟ್ ದೊಡ್ಡದು. 3.73ನ್ನು ಅದರಿಂದ ಭಾಗಿಸಿದರೆ 3.58. ನೀವು ನೋಡಿದ ಚಂದದ ಗಾಡಿ ಈಗ 3.73 ಅಲ್ಲ, 3.58ರ ಹಾಗೆ ಓಡುತ್ತಿದೆ. ಮೂರನೇ ಗೇರಿನಲ್ಲಿ ಉಳಿದಿದ್ದ ಎರಡೂವರೆ ಪರ್ಸೆಂಟೂ ಹೋಗಿ ಸಾಲ ಆಯಿತು. ಅದನ್ನು ತಗೊಳ್ಳುವುದೇ ಆದರೆ ಮೊದಲು ಕಂಪನಿ ಸೈಜಿನ ಟೈರು ಹಾಕಿಸಿ, ಲೋಡ್ ರೇಟಿಂಗ್ ನೋಡಿ ಹಾಕಿಸಿ. ರೇಷಿಯೋ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ.

ಭೋಸರಿ ಬಸವಂತ

ಮೇಡಂ, ಈಗ ತಲೆಗೆ ಹೋಯಿತು. ಆದರೆ ಒಂದು ಅನುಮಾನ. 3.73 ಗಾಡಿ ನಿಜಕ್ಕೂ ಒಳ್ಳೆ ಕಂಡೀಷನ್‌ನಲ್ಲಿದೆ. ಅದನ್ನೇ ತಗೊಂಡು 4.3 ಸೆಟ್ ಹಾಕಿಸಿದರೆ?

ನಾನಾಪೇಟ್ ಮಿಸ್ತ್ರಿ

ಹಾಕಿಸಬಹುದು. ನಾನು ಮಾಡಿಕೊಡುವವನೇ. ಆದರೂ ಬೇಡ ಅನ್ನುತ್ತೇನೆ, ಕೇಳಿ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರುತ್ತವೆ. ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಇರುತ್ತದೆ. ಒಂದು ಗಾಡಿಯ ಕ್ರೌನು, ಇನ್ನೊಂದು ಗಾಡಿಯ ಪಿನಿಯನ್ನು ಹಾಕಿದರೆ ಗುಂಯ್ ಅಂತ ಕೂಗಿ ಸಾಯುತ್ತದೆ. ಕೂರಿಸುವುದು ನಾಜೂಕಿನ ಕೆಲಸ. ಪಿನಿಯನ್ ಎಷ್ಟು ಒಳಗೆ ಇರಬೇಕು ಅಂತ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ನೋಡಬೇಕು. ಬೇರಿಂಗ್ ಬಿಗಿ ಸರಿ ಬರಬೇಕು. ಹಲ್ಲುಗಳ ನಡುವಿನ ಆಟವನ್ನು ಡಯಲ್ ಗೇಜ್ ಇಟ್ಟು ಅಳೆಯಬೇಕು. ಆಮೇಲೆ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತದಾ ಅಂತ ನೋಡಬೇಕು. ತುದಿಗೆ ಬಿದ್ದರೆ ಮತ್ತೆ ಬಿಚ್ಚಬೇಕು. ಡಯಲ್ ಗೇಜ್ ಇಲ್ಲದೆ, ಕೈಯಲ್ಲಿ ಅಲ್ಲಾಡಿಸಿ ಸರಿ ಇದೆ ಅನ್ನುವ ಮಿಸ್ತ್ರಿ ಸಿಕ್ಕರೆ ಗಾಡಿ ವಾಪಸ್ ತಗೊಂಡು ಹೋಗಿ.

ಕಾಗದದ ಮಾತೂ ಇದೆ. ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ. ಮಾಡಿಸುವ ಮೊದಲು ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನವರ ಹತ್ತಿರ ಕೇಳಿಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಆರ್‌ಸಿ 1,250 ಕೆಜಿಯದೇ. ಸ್ಪ್ರಿಂಗ್ ಪಾಟಾ, ಬ್ರೇಕು, ಆಕ್ಸಲ್ ಹೌಸಿಂಗ್ (ಹೊರಕವಚ) ಎಲ್ಲ ಆ ತೂಕಕ್ಕೆ ಮಾಡಿದ್ದು. ಮೀಟರ್ ರಗಳೆ ಬೇರೆ. ಅದಕ್ಕಿಂತ 4.3 ಗಾಡಿಗೆ ಉಳಿದ ದುಡ್ಡಿನಲ್ಲಿ ಕ್ಲಚ್, ಬ್ರೇಕ್ ಹೊಸದು ಮಾಡಿಸಿಕೊಳ್ಳಿ.

ಥಾಣೆ ಫೋರ್‌ಬೈಫೋರ್

ಮಿಸ್ತ್ರಿ ಕಾಕಾ, ಮಾರುವವನು 4.3 ಅಂದ ಮಾತ್ರಕ್ಕೆ ಒಳಗೆ 4.3 ಇದೆ ಅಂತ ಹೇಗೆ ಗೊತ್ತಾಗುತ್ತದೆ? ಡೊಂಬಿವಲಿಯವರ ಮಾವನ ಹಾಗೆ ಯಾರಾದರೂ ಬದಲಿಸಿದ್ದರೆ?

ನಾನಾಪೇಟ್ ಮಿಸ್ತ್ರಿ

ಒಳ್ಳೆ ಪ್ರಶ್ನೆ ಕೇಳಿದೆ ತಮ್ಮಾ. ಹೌಸಿಂಗ್ ಮೇಲೆ ಸಣ್ಣ ತಗಡಿನ ಪಟ್ಟಿ ಇದ್ದರೆ ಅದರಲ್ಲಿ 43/10 ಅಂತಲೋ, 41/11 ಅಂತಲೋ ಇರುತ್ತದೆ. ಹಳೆ ಗಾಡಿಯಲ್ಲಿ ಅದು ಬಿದ್ದುಹೋಗಿರುತ್ತದೆ, ಒಳಗೆ ಬದಲಿಸಿದ್ದರೆ ಅದನ್ನು ನಂಬುವ ಹಾಗೂ ಇಲ್ಲ. ಎಣಿಸಿ ನೋಡುವುದೇ ಸರಿ.

ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಒಂದೇ ಚಕ್ರ ಎತ್ತಿ, ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್. ಹ್ಯಾಂಡ್‌ಬ್ರೇಕ್ ಬಿಡಬೇಕು, ಅದಕ್ಕೇ ಕಲ್ಲು ಗಟ್ಟಿಯಾಗಿರಬೇಕು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಚಾಕ್‌ನಲ್ಲಿ ಗುರುತು ಹಾಕಿ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಇನ್ನೊಬ್ಬ ಶಾಫ್ಟಿನ ಸುತ್ತು ಎಣಿಸಲಿ, ಗಾಡಿ ಕೆಳಗೆ ಹೋಗದೆ ಪಕ್ಕದಿಂದಲೇ ನೋಡಿ. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ 20 ಸುತ್ತಿಗೆ ಕ್ರೌನ್ ಸುತ್ತುವುದು 10. ಶಾಫ್ಟ್ 43 ಸುತ್ತಿದರೆ 4.3. 37ಕ್ಕಿಂತ ಸ್ವಲ್ಪ ಜಾಸ್ತಿ ಬಂದರೆ 3.73.

ಹಾಗೇ ಆ ಹಳೆ ಗಾಡಿಯ ಆಕ್ಸಲ್ ಆರೋಗ್ಯವನ್ನೂ ನೋಡಿಬಿಡಿ. ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ, ಆಟ ಅತಿ ಜಾಸ್ತಿ ಇರಬಾರದು. ಪಿನಿಯನ್ ಸೀಲ್ ಹತ್ತಿರ ಎಣ್ಣೆ ಒಸರಿದೆಯಾ ನೋಡಿ. 50-60ರಲ್ಲಿ ಓಡಿಸಿ, ಆಕ್ಸಿಲರೇಟರ್ ಒತ್ತಿದಾಗೊಮ್ಮೆ, ಬಿಟ್ಟಾಗೊಮ್ಮೆ ಕಿವಿ ಕೊಡಿ. ಒಂದರಲ್ಲಿ ಮಾತ್ರ ಗುಂಯ್ ಅಂದರೆ ಕ್ರೌನ್-ಪಿನಿಯನ್ ಅನುಮಾನ. ಎರಡರಲ್ಲೂ ಒಂದೇ ಸಮ ಗರಗರ ಅಂದರೆ ಬೇರಿಂಗ್ ಇರಬಹುದು. ಆಮೇಲೆ ಡ್ರೈನ್ ಪ್ಲಗ್ ಬಿಚ್ಚಿ. ಮ್ಯಾಗ್ನೆಟ್ ಇರುವ ಪ್ಲಗ್ ಆದರೆ ಕರಿ ಕೆಸರಿನಂಥ ಪುಡಿ ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬೆಲೆ ಇಳಿಸಿ ಮಾತಾಡಿ, ಇಲ್ಲಾ ಎದ್ದು ಬನ್ನಿ.

ಮಾಪ್ಸಾ ಮಲ್ಲಪ್ಪ

ಕಾಕಾ, ನಿಮ್ಮ ಗ್ಯಾರೇಜ್ ಗೋವಾದಲ್ಲಿ ಯಾಕಿಲ್ಲ?

ಭೋಸರಿ ಬಸವಂತ

ಇವತ್ತು ಹೋಗಿ ಎಣಿಸಿದೆವು. ಡ್ರೈವರ್ ಚಕ್ರ ತಿರುಗಿಸಿದ, ನಾನು ಶಾಫ್ಟ್ ಎಣಿಸಿದೆ. ಸರಿಯಾಗಿ 43. ಮಾರುವವರು ಇವರಿಗೇನಾಗಿದೆ ಅನ್ನುವ ಹಾಗೆ ನೋಡುತ್ತಾ ನಿಂತಿದ್ದರು. ಸದ್ದು ಇಲ್ಲ. ಪಿನಿಯನ್ ಸೀಲ್ ಒಸರುತ್ತಿದೆ. ಪ್ಲಗ್‌ನಲ್ಲಿ ಪುಡಿ ಮಾತ್ರ, ಚೂರು ಇಲ್ಲ. ಆದರೆ ಎಣ್ಣೆ ಟಾರಿನ ಹಾಗಿದೆ. ಸೀಲ್ ತೋರಿಸಿ ಸ್ವಲ್ಪ ಇಳಿಸಿಕೊಂಡು ಟೋಕನ್ ಕೊಟ್ಟು ಬಂದೆ.

ಈಗ ಎಣ್ಣೆ ಯಾವುದು ಹಾಕಿಸಲಿ? ಅಂಗಡಿಯವನು ಗೇರ್‌ಬಾಕ್ಸ್‌ಗೂ ಆಕ್ಸಲ್‌ಗೂ ಒಂದೇ ಡಬ್ಬ ಸಾಕು ಅನ್ನುತ್ತಾನೆ.

ಚಾಕಣ್ ಚಂದ್ರಿಕಾ

ಸಾಲದು. ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂತಿರುವ ಹೈಪಾಯ್ಡ್ ಆಕ್ಸಲ್ ಇದು. ಹಲ್ಲುಗಳು ಬರೀ ಉರುಳುವುದಿಲ್ಲ, ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕೆ ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು. ಗೇರ್‌ಬಾಕ್ಸ್‌ಗೆ ಕೈಪಿಡಿಯಲ್ಲಿ ಜಿಎಲ್-4 ಅಂತ ಇದ್ದರೆ ಅದನ್ನೇ ಹಾಕಿ. ಒಳಗಿನ ಹಿತ್ತಾಳೆ ರಿಂಗುಗಳಿಗೆ ಜಿಎಲ್-5ರ ಕೆಲವು ಎಣ್ಣೆಗಳು ಆಗಿಬರುವುದಿಲ್ಲ.

ನಾನಾಪೇಟ್ ಮಿಸ್ತ್ರಿ

ಎಣ್ಣೆಯ ದಪ್ಪ 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140, ಕೈಪಿಡಿಯಲ್ಲಿ ಯಾವುದಿದೆಯೋ ಅದು. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ಜಾಮ್ ಆಗಿದ್ದರೆ ಎಣ್ಣೆ ಸುರಿದ ಮೇಲೆ ತುಂಬಲಿಕ್ಕೆ ದಾರಿ ಇರುವುದಿಲ್ಲ. ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಹೋಗುವ ತೂತು) ಮಣ್ಣು ತುಂಬಿ ಮುಚ್ಚಿದೆಯಾ ನೋಡಿ. ಅದು ಮುಚ್ಚಿದ್ದರೆ ಒಳಗೆ ಬಿಸಿ ಗಾಳಿ ಒತ್ತಿ ಹೊಸ ಸೀಲೂ ಒಸರುತ್ತದೆ. ಸೀಲ್ ಬದಲಿಸುವವನು ಪಿನಿಯನ್ ನಟ್ಟನ್ನು ಇಂಪ್ಯಾಕ್ಟ್ ಗನ್‌ನಲ್ಲಿ ಕಣ್ಣು ಮುಚ್ಚಿ ಬಿಗಿಯುವ ಹಾಗಿಲ್ಲ, ಬಿಚ್ಚುವ ಮೊದಲು ಗುರುತು ಹಾಕಿಕೊಂಡು ಅಲ್ಲಿಗೇ ತರಬೇಕು. ಅತಿ ಬಿಗಿ ಮಾಡಿದರೆ ಬೇರಿಂಗ್ ಬಿಸಿಯಾಗಿ ಹೋಗುತ್ತದೆ. ಸೋಮವಾರ ಗಾಡಿ ತಂದರೆ ನಾನೇ ನೋಡುತ್ತೇನೆ, ರಾಡು ತುಂಬಿಕೊಂಡು ಬರಬೇಡಿ.